ಎಡದ ಪೆಟ್ಟಿಗೆ, ಬಲದ ಪೆಟ್ಟಿಗೆ

ಜನವರಿ ೬

ಪ್ರೀತಿಯ ಮಾವ,

ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಎತ್ತಿದರೂ "ಲೈನ್ ಸರಿ ಇಲ್ಲ, ಕಾಗದ ಬರಿ" ಎಂದು ಇಟ್ಟುಬಿಡುತ್ತೀರಿ. ಆದ್ದರಿಂದ ನಿಮ್ಮ ಅಕ್ಕನ ಮಗಳು ಎಷ್ಟೋ ವರ್ಷದ ಮೇಲೆ ಅಂಚೆ ಕಚೇರಿಯ ಮೆಟ್ಟಿಲು ಹತ್ತುತ್ತಿದ್ದಾಳೆ. ಕೈಬರಹ ನೋಡಿ ನಗಬೇಡಿ. ದಿನವಿಡೀ ಲ್ಯಾಬಿನಲ್ಲಿ ಕೂತು ಊರವರ ಕಟ್ಟುಹಲ್ಲು ಉಜ್ಜುವ ಕೈ ಇದು, ಪೆನ್ನು ಹಿಡಿಯುವ ರೂಢಿ ತಪ್ಪಿದೆ.

ವಿಷಯ ಏನೆಂದರೆ ನಾನು ಒಂದು ಜೊತೆ ಸ್ಪೀಕರ್ ಮಾಡಬೇಕು ಎಂದುಕೊಂಡಿದ್ದೇನೆ. ಕೊಳ್ಳುವುದಲ್ಲ, ಮಾಡುವುದು. ಅಮ್ಮನ ಹಳೆಯ ಟೇಪ್‌ರೆಕಾರ್ಡರಿನ ಸ್ಪೀಕರ್ ಹರಿದಿದೆ. ಕೊಳಲು ಮೇಷ್ಟರ ಆ ಟೇಪು, ಮೂವತ್ತೆಂಟು ವರ್ಷದ ಹಿಂದೆ ನೀವು ಶಾಲೆಯ ಸಭಾಂಗಣದಲ್ಲಿ ರೆಕಾರ್ಡ್ ಮಾಡಿದ್ದು, ಅದನ್ನು ಹಾಕಿದರೆ ಕೊಳಲಿಗೆ ನೆಗಡಿಯಾದ ಹಾಗೆ ಕೇಳಿಸುತ್ತದೆ. ಆಗ ಅಮ್ಮ ಆ ಶಾಲೆಯ ಗುಮಾಸ್ತೆ, ಸಭಾಂಗಣದ ಬೀಗದ ಕೈಗೊಂಚಲು ಅವಳ ಕೈಯಲ್ಲಿತ್ತು. ಮೂರನೇ ನಿಮಿಷದಲ್ಲಿ ಅದು ನೆಲಕ್ಕೆ ಬಿದ್ದು ನಿಮ್ಮ ಜೀವಮಾನದ ರೆಕಾರ್ಡಿಂಗ್ ಹಾಳಾಯಿತು ಎಂದು ನೀವು ಇವತ್ತಿಗೂ ಅವಳನ್ನು ಬಿಟ್ಟಿಲ್ಲ. ಅವಳೂ ಅಷ್ಟೇ, ಆ ಜಾಗ ಬಂದಾಗ ಇವತ್ತಿಗೂ ನಾಲಿಗೆ ಕಚ್ಚಿಕೊಳ್ಳುತ್ತಾಳೆ. ತೂಕಡಿಸಿದ್ದೆ ಎಂದು ಮಾತ್ರ ಒಪ್ಪುವುದಿಲ್ಲ.

ಪೆಟ್ಟಿಗೆಗಳು ಅಡುಗೆಮನೆ ಪಕ್ಕದ ಕಪಾಟಿನ ಮೇಲೆ ಕೂರಬೇಕು. ಒಂದೊಂದೂ ನೆಟ್ಟಗೆ ನಿಲ್ಲಿಸಿದ ಬೂಟಿನ ಡಬ್ಬಿಯಷ್ಟಿದ್ದರೆ ಸಾಕು. ಎಲ್ಲಿಂದ ಶುರು ಮಾಡಲಿ? ನಾನು ಏಳು ವರ್ಷದವಳಿದ್ದಾಗ ಕಣ್ಣು ಮುಚ್ಚಿಸಿ ಒಂದೊಂದೇ ಲೋಟ ತಟ್ಟಿ "ಯಾವುದರಲ್ಲಿ ನೀರು ಜಾಸ್ತಿ ಹೇಳು" ಎಂದು ಕೇಳಿದವರು ನೀವು. ನನಗೆ ಕಿವಿ ಎಂಬುದೊಂದು ಇದೆ ಎಂದು ತೋರಿಸಿದ ತಪ್ಪಿಗೆ ಈಗ ಅನುಭವಿಸಿ.

ನಿಮ್ಮ
ಗುಬ್ಬಿ

ಜನವರಿ ೧೫

ಗುಬ್ಬಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಮೊದಲ ಎರಡು ಸಲ ಅಕ್ಷರ ಅರ್ಥವಾಗಲಿಲ್ಲ, ಮೂರನೆಯದು ಸಂತೋಷಕ್ಕೆ.

ಕೇಳು. ದೊಡ್ಡ ಸ್ಪೀಕರಿಗೆ ಮೇಲಿನ ಚೂಪು ದನಿ ಬರುವುದಿಲ್ಲ, ಸಣ್ಣದಕ್ಕೆ ಕೆಳಗಿನ ದಪ್ಪ ದನಿ ಬರುವುದಿಲ್ಲ. ಅದಕ್ಕೇ ಒಂದು ಪೆಟ್ಟಿಗೆಯಲ್ಲಿ ಇಬ್ಬರನ್ನು ಸಂಸಾರ ಮಾಡಿಸುತ್ತೇವೆ. ಕೆಳಗೆ ದಪ್ಪ ದನಿಗೆ ಐದಿಂಚಿನ ವೂಫರ್, ಮೇಲೆ ಚೂಪು ದನಿಗೆ ಒಂದಿಂಚಿನ ರೇಷ್ಮೆ ಗುಮ್ಮಟದ ಟ್ವೀಟರ್. ಯಾರ ಕೆಲಸ ಎಲ್ಲಿಗೆ ಮುಗಿಯಬೇಕು ಎಂದು ಪಾಲು ಮಾಡಿಕೊಡುವುದು ಒಳಗಿನ ಕ್ರಾಸ್‌ಓವರ್. ವೂಫರಿನ ದಾರಿಯಲ್ಲಿ ಒಂದು ತಾಮ್ರದ ಕಾಯಿಲ್, ಟ್ವೀಟರಿನ ದಾರಿಯಲ್ಲಿ ಒಂದು ಕೆಪಾಸಿಟರ್. ಟ್ವೀಟರ್ ಸ್ವಭಾವತಃ ಬಾಯಿ ಜೋರು, ಅದನ್ನು ತಗ್ಗಿಸಲು ಒಂದು ರೆಸಿಸ್ಟರ್. ಆರು ಓಮ್ ಹಾಕು. ಪೆಟ್ಟಿಗೆಯ ಒಳಗೆ ಒಂಬತ್ತು ಲೀಟರ್ ಜಾಗ, ಹದಿನೆಂಟು ಮಿಲಿಮೀಟರಿನ ಪ್ಲೈವುಡ್, ಗಾಳಿ ಹೋಗಲು ಹಿಂದೆ ಒಂದು ಕೊಳವೆ. ಲೆಕ್ಕವೆಲ್ಲ ಬೇರೆ ಹಾಳೆಯಲ್ಲಿದೆ, ಕಳೆಯಬೇಡ.

ಆದರೆ ನೆನಪಿಡು. ನಾನು ಯಾವಾಗಲೂ ಹೇಳುವುದೇ: ಲೆಕ್ಕ ಗುಮಾಸ್ತ, ಕಿವಿ ಯಜಮಾನ. ಅಕ್ಕನಿಗೆ ಇದನ್ನು ಓದಿ ಹೇಳಬೇಡ.

ನಮ್ಮ ಕಾರ್ಖಾನೆಯಲ್ಲಿ ಈಗಲೂ ಎಂಟೇ ಜನ. ಕೊನೆಯ ಕುರ್ಚಿ ನನ್ನದೇ. ತಯಾರಾದ ಪ್ರತಿಯೊಂದು ಜೊತೆಯನ್ನೂ ನಾನು ಕೇಳಿ, ಬೇಕಾದರೆ ರೆಸಿಸ್ಟರ್ ಬದಲಿಸಿ, ಹಿಂದೆ ಸಹಿ ಹಾಕಿದ ಮೇಲೇ ಅದು ಹೊರಗೆ ಹೋಗುವುದು. ಇತ್ತೀಚೆಗೆ ಕೆಲಸ ಜಾಸ್ತಿ. ಕಾಯಿಲ್ ಸುತ್ತುವ ಹೆಂಗಸಿನ ಕೈಯಿಂದ ಬರುವ ಸೆಟ್ಟುಗಳೆಲ್ಲ ಮಂಕು. ಒಂದೊಂದನ್ನೂ ನಾನು ಎಬ್ಬಿಸಿ ಕೂರಿಸಬೇಕು. ಹತ್ತು ವರ್ಷ ಚೆನ್ನಾಗಿ ಸುತ್ತಿದವಳಿಗೆ ಈಗ ಏನಾಯಿತೋ.

ಫೋನಿನ ವಿಷಯಕ್ಕೆ ಬೇಜಾರು ಮಾಡಿಕೊಳ್ಳಬೇಡ. ನಿಮ್ಮ ಕಡೆಯ ಲೈನು ಕೆಟ್ಟಿದೆ, ನಿನ್ನ ದನಿಯೋ ಮೊದಲೇ ಸಣ್ಣದು. ಕಾಗದವಾದರೆ ಇಟ್ಟುಕೊಂಡು ಓದಬಹುದು.

ಮಾವ

ಫೆಬ್ರವರಿ ೨೦

ಪ್ರೀತಿಯ ಮಾವ,

ಮೊದಲು ನಗುವ ವಿಷಯ. ಮುಂದಿನ ಹಲಗೆಯಲ್ಲಿ ಟ್ವೀಟರಿನ ತೂತು ನಡುವೆ ಬೇಡ, ಒಂದು ಬದಿಗಿರಲಿ, ಎರಡು ಪೆಟ್ಟಿಗೆಯೂ ಕನ್ನಡಿಯೊಳಗಿನ ಪ್ರತಿಬಿಂಬದಂತಿರಲಿ ಎಂದು ಬರೆದಿದ್ದಿರಿ. ನಾನು ಅಳತೆಗೆ ಅಳತೆ ಕೂದಲೆಳೆ ತಪ್ಪದ ಹಾಗೆ ಎರಡನ್ನೂ ಕೊರೆದೆ. ಆಮೇಲೆ ನೋಡಿದರೆ ಎರಡೂ ಎಡಗೈ ಪೆಟ್ಟಿಗೆಗಳು. ಅಮ್ಮ ನೋಡಿ, "ನಿನ್ನ ಕೈಲಿ ಹಲ್ಲು ಕಟ್ಟಿಸ್ಕೊಂಡೋರ ಗತಿ ಏನಮ್ಮಾ" ಎಂದಳು. ಒಂದು ಹಲಗೆಯನ್ನು ಮತ್ತೆ ಕೊರೆದೆ.

ಆದರೆ ಹಲ್ಲಿನ ಲ್ಯಾಬ್ ಕೈಬಿಡಲಿಲ್ಲ. ಒಳಗಿನ ಮೂಲೆಗಳಿಗೆ ಅಚ್ಚಿನ ಮೇಣ ಕರಗಿಸಿ ಹಾಕಿದೆ. ಕೊಳವೆಯನ್ನು ಅಂಗೈಯಿಂದ ಮುಚ್ಚಿ ವೂಫರಿನ ಕಾಗದದ ಬಟ್ಟಲನ್ನು ಬೆರಳಿಂದ ಮೆಲ್ಲಗೆ ಒತ್ತಿದರೆ ಅದು ಸೋಮಾರಿಯ ಹಾಗೆ ನಿಧಾನವಾಗಿ ಮೇಲೇಳುತ್ತದೆ. ಎಲ್ಲೂ ಗಾಳಿ ಸೋರುತ್ತಿಲ್ಲ. ಹಲ್ಲಿಗೆ ಹೊಳಪು ಕೊಡುವ ಚಕ್ರದಲ್ಲೇ ಅಂಚುಗಳನ್ನು ದುಂಡು ಮಾಡಿದೆ. ಕಾಯಿಲನ್ನೂ ನಾನೇ ಸುತ್ತಿದೆ. ನಡುವೆ ಬಾಗಿಲು ತಟ್ಟಿದವರಿಂದ ಎಣಿಕೆ ತಪ್ಪಿ ಎರಡು ಸಲ ಬಿಚ್ಚಿ ಮತ್ತೆ ಸುತ್ತಿದೆ. ನಿಮ್ಮ ಕಾರ್ಖಾನೆಯ ಆ ಹೆಂಗಸು ದಿನಕ್ಕೆ ಎಷ್ಟು ಸುತ್ತುತ್ತಾರೋ, ಅವರಿಗೆ ದೊಡ್ಡ ನಮಸ್ಕಾರ.

ಭಾನುವಾರ ಮಧ್ಯಾಹ್ನ ಮೊದಲ ಸಲ ಟೇಪು ಹಾಕಿದೆ. ಮಾವ, ಏನು ಹೇಳಲಿ. ಕೊಳಲು ಪೆಟ್ಟಿಗೆಯಿಂದ ಬರಲಿಲ್ಲ, ಎರಡು ಪೆಟ್ಟಿಗೆಯ ನಡುವೆ ಇರುವ ಬರೀ ಗೋಡೆಯಿಂದ ಬಂತು. ಮೇಷ್ಟರು ಉಸಿರು ತೆಗೆದುಕೊಂಡದ್ದು ಕೇಳಿಸಿತು. ಯಾರೋ ಕುರ್ಚಿ ಸರಿಸಿದರು. ಅಮ್ಮ ಸೊಪ್ಪು ಬಿಡಿಸುವುದನ್ನು ಬಿಟ್ಟು ಬಂದು ನಿಂತಳು. ಮೂರನೇ ನಿಮಿಷಕ್ಕೆ ಬೀಗದ ಕೈ ಝಲ್ ಎಂದು ಬಿತ್ತು, ನಾಲಿಗೆ ಕಚ್ಚಿಕೊಂಡಳು. ಆಮೇಲೆ ಕಣ್ಣು ಒರೆಸಿಕೊಂಡಳು.

ಒಂದು ಹಾಳೆಯ ಲೆಕ್ಕದಲ್ಲಿ ಇಷ್ಟೆಲ್ಲ ಮೊದಲೇ ಕೂತಿತ್ತು ಎಂದರೆ ನನಗೆ ನಂಬುವುದಕ್ಕೇ ಆಗುತ್ತಿಲ್ಲ. ಮಾಡಿದ್ದು ನನ್ನ ಕೈ, ಆದರೆ ಕೇಳಿಸುತ್ತಿರುವುದು ನಿಮ್ಮ ಬುದ್ಧಿ.

ಗುಬ್ಬಿ

ಮಾರ್ಚ್ ೩

ಗುಬ್ಬಿ,

ಹೊಗಳಿಕೆ ಸಾಕು, ಪೆಟ್ಟಿಗೆ ಕಳಿಸು. ನನ್ನ ಕಿವಿಗೆ ಬೀಳದ ಸ್ಪೀಕರಿಗೆ ನಾನು ಶಹಬ್ಬಾಸ್ ಹೇಳುವುದಿಲ್ಲ. ಹಳೆಯ ಕಂಬಳಿಯಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿಟ್ಟು ಪಾರ್ಸೆಲ್ ಮಾಡು. ಎರಡು ವಾರ ಇಟ್ಟುಕೊಂಡು ಕೊನೆಯ ಕೈ ಕೊಟ್ಟು ವಾಪಸ್ ಕಳಿಸುತ್ತೇನೆ.

ಇಲ್ಲಿ ಎಲ್ಲ ಮಾಮೂಲು. ಕುಕ್ಕರು ಕೂಗುವುದು ಬಿಟ್ಟಿದೆ, ಎರಡು ಸಲ ಅನ್ನ ಸೀದುಹೋಯಿತು. ಅಂಗಡಿಯವನು ಕುಕ್ಕರ್ ಸರಿಯಾಗಿದೆ ಎಂದು ವಾಪಸ್ ಕೊಡುತ್ತಾನೆ, ಅವನಿಗೆ ಏನು ತಿಳಿಯುತ್ತದೆ. ಬೀದಿಯ ಮರದಲ್ಲಿ ಹಕ್ಕಿಗಳೂ ಕಡಿಮೆಯಾಗಿವೆ. ಬೆಳಗ್ಗೆ ಅಷ್ಟು ಗಲಾಟೆ ಮಾಡುತ್ತಿದ್ದವು, ಈಗ ಒಂದೂ ಇಲ್ಲ. ಕಾಲ ಕೆಟ್ಟಿದೆ.

ಕಾರ್ಖಾನೆಯಲ್ಲಿ ತಲೆನೋವು. ನಾಲ್ಕು ತಿಂಗಳಲ್ಲಿ ಹನ್ನೆರಡು ಜೊತೆ ವಾಪಸ್ ಬಂದಿವೆ, ಎಲ್ಲರದೂ ಒಂದೇ ದೂರು, ಕಿವಿ ಚುಚ್ಚುತ್ತದೆಯಂತೆ. ನನ್ನ ಹತ್ತಿರ ಬಂದಾಗ ಮಂಕು, ಗಿರಾಕಿಯ ಮನೆಗೆ ಹೋದ ಮೇಲೆ ಚೂಪು. ಕಾಯಿಲ್ ಸುತ್ತು ಒಂದೇ ಸಮ ಇಲ್ಲದಿದ್ದರೆ ಹೀಗೆಲ್ಲ ಆಗುತ್ತದೆ. ಆ ಹೆಂಗಸಿಗೆ ಎರಡು ಸಲ ಹೇಳಿದೆ. ತಲೆ ತಗ್ಗಿಸಿ "ಆಯ್ತು ಸಾರ್" ಎನ್ನುತ್ತಾಳೆ, ಮತ್ತೆ ಅದೇ ಕಥೆ.

ಮಾವ

ಮಾರ್ಚ್ ೨೮

ಗುಬ್ಬಿ,

ಪೆಟ್ಟಿಗೆ ಬಿಚ್ಚಿದ ಕೂಡಲೇ ಕಾರ್ಖಾನೆಯ ಬಡಗಿಯನ್ನು ಮನೆಗೆ ಕರೆಸಿದೆ. ಮೂವತ್ತು ವರ್ಷದ ಕೈ ಅವನದು. ನಿನ್ನ ಮೂಲೆಗಳ ಮೇಲೆ ಉಗುರು ಎಳೆದು ನೋಡಿದ, ಜೋಡಣೆ ಸಿಗಲಿಲ್ಲ. "ಇದು ಮರಗೆಲಸದೋರು ಮಾಡಿದ್ದಲ್ಲ, ಇಷ್ಟು ತಾಳ್ಮೆ ನಮಗೆಲ್ಲಿಂದ ಬರಬೇಕು" ಎಂದ. ನನಗೆ ಹೆಮ್ಮೆಯಿಂದ ಎದೆ ಉಬ್ಬಿತು, ಅವನಿಗೆ ತೋರಗೊಡಲಿಲ್ಲ.

ಆಮೇಲೆ ನನ್ನ ಹತ್ತಿರ ಇರುವ ಅದೇ ಕೊಳಲಿನ ಟೇಪಿನ ಪ್ರತಿ ಹಾಕಿದೆ. ಆದರೆ ದನಿ ಮಂಕು, ಗುಬ್ಬಿ. ತೀರಾ ಸಭ್ಯ ಪೆಟ್ಟಿಗೆಗಳು. ಎಷ್ಟು ಸಭ್ಯವೆಂದರೆ ಅಕ್ಕನ ಬೀಗದ ಕೈಯನ್ನೇ ಮುಚ್ಚಿಟ್ಟಿವೆ. ಮೂರನೇ ನಿಮಿಷ ಬಂತು, ಹೋಯಿತು, ಏನೂ ಬೀಳಲಿಲ್ಲ. ನಾನೇ ಹೇಳಿದ್ದ ರೆಸಿಸ್ಟರ್ ಅತಿಯಾಯಿತು. ಆರರ ಬದಲು ನಾಲ್ಕು ಹಾಕಿದೆ, ಎರಡು ಹಾಕಿದೆ. ಕೊನೆಗೆ ಕಿತ್ತು ಎಸೆದು ಬರೀ ತಂತಿ ಬೆಸೆದೆ. ಆಗ ಎಲ್ಲೋ ದೂರದಲ್ಲಿ ಬೀಗದ ಕೈ ಬಿದ್ದದ್ದು ಕೇಳಿಸಿತು. ಈಗ ಸರಿಯಾಗಿದೆ. ಗುಮಾಸ್ತ ಏನೇ ಬರೆದಿಡಲಿ, ಸಹಿ ಯಜಮಾನನದು. ಎರಡು ಪೆಟ್ಟಿಗೆಯ ಹಿಂದೆಯೂ ಸಹಿ ಹಾಕಿ ಕಳಿಸುತ್ತಿದ್ದೇನೆ. ಮನೆಯವರ ಕೆಲಸಕ್ಕೆ ನಾನು ಸಹಿ ಹಾಕಿದ್ದು ಇದೇ ಮೊದಲು.

ಮಾವ

ಏಪ್ರಿಲ್ ೧೯

ಪ್ರೀತಿಯ ಮಾವ,

ಪೆಟ್ಟಿಗೆಗಳು ಬಂದವು. ತುಂಬ ಚೆನ್ನಾಗಿವೆ. ನಿಮ್ಮ ಕೈ ಬಿದ್ದ ಮೇಲೆ ಇನ್ನೇನು ಹೇಳುವುದು. ಸಹಿಯನ್ನು ಅಮ್ಮನಿಗೂ ತೋರಿಸಿದೆ.

ಲ್ಯಾಬಿನಲ್ಲಿ ಕೆಲಸ ಜಾಸ್ತಿ, ಅದಕ್ಕೇ ತಡವಾಯಿತು. ಆರೋಗ್ಯ ನೋಡಿಕೊಳ್ಳಿ. ಬೇರೆ ಕುಕ್ಕರ್ ತೆಗೆದುಕೊಳ್ಳಿ.

ಗುಬ್ಬಿ

ಏಪ್ರಿಲ್ ೩೦

ಗುಬ್ಬಿ,

ಇಷ್ಟು ಚಿಕ್ಕ ಕಾಗದವೇ? ಇರಲಿ, ನಾಲ್ಕು ಸಾಲಾದರೂ ವಿಷಯ ಅದರಲ್ಲಿದೆ.

ಒಂದು ಉಪಕಾರ ಆಗಬೇಕು. ವಾಪಸ್ ಬಂದ ಸೆಟ್ಟುಗಳು ಹದಿನಾರಾಗಿವೆ. ಕಾಯಿಲ್ ಸುತ್ತುವವಳನ್ನು ತೆಗೆದು ಬೇರೆಯವರನ್ನು ನೋಡಿ ಎಂದು ಕಾರ್ಖಾನೆಯ ಯಜಮಾನರಿಗೆ ಹೇಳಿದ್ದೇನೆ. ಅವರು ಜೂನ್ ಕೊನೆಯೊಳಗೆ ತೀರ್ಮಾನ ಮಾಡುತ್ತಾರೆ. ಆದರೆ ಇಷ್ಟು ವರ್ಷದಲ್ಲಿ ಮೊದಲ ಸಲ ಅವರು ನನ್ನನ್ನು, "ನೀವು ಕೇಳಿದ್ದು ಸರಿಯೇ ಇದೆಯಲ್ಲವೇ" ಎಂದು ಕೇಳಿದರು.

ನಿನ್ನ ಪೆಟ್ಟಿಗೆಯ ಕಾಯಿಲ್ ನೀನೇ ಸುತ್ತಿದ್ದು, ಶ್ರುತಿ ಕೂರಿಸಿದ್ದು ನಾನು, ಫಲ ಚೆನ್ನಾಗಿದೆ. ಅಂದ ಮೇಲೆ ತಪ್ಪು ಆ ಹೆಂಗಸಿನ ಕಾಯಿಲಿನದೇ ಎಂದಾಯಿತು. "ಮಾವ ಕೂರಿಸಿದ ದನಿ ಸರಿಯಾಗಿದೆ, ಎಲ್ಲೂ ಚುಚ್ಚುವುದಿಲ್ಲ" ಎಂದು ಒಂದು ಹಾಳೆಯಲ್ಲಿ ಬರೆದು ಕಳಿಸು. ಯಜಮಾನರಿಗೆ ತೋರಿಸುತ್ತೇನೆ. ಆ ಹೆಂಗಸಿಗೆ ಎರಡು ಮಕ್ಕಳಿದ್ದಾರೆ, ನನಗೂ ಕಲ್ಲು ಮನಸ್ಸಲ್ಲ. ಆದರೆ ಕೆಲಸ ಕೆಲಸವೇ.

ಮಾವ

ಮೇ ೧೪

ಪ್ರೀತಿಯ ಮಾವ,

ನೀವು ಕೇಳಿದ ಹಾಳೆಯನ್ನು ಬರೆಯಲು ಕೂತು ನಾಲ್ಕು ದಿನವಾಯಿತು. ಬರೆಯಲಾರೆ. ಏಪ್ರಿಲಿನಲ್ಲಿ ನಾನು ಬರೆದದ್ದು ಸುಳ್ಳು.

ಪೆಟ್ಟಿಗೆಗಳು ವಾಪಸ್ ಬಂದ ದಿನ ಟೇಪು ಹಾಕಿದೆ. ಕೊಳಲು ಹಲ್ಲಿನ ನರಕ್ಕೆ ತಗುಲಿದ ಹಾಗಿತ್ತು. ಬೀಗದ ಕೈ ಬಿದ್ದಾಗ ಅಮ್ಮ ಒಳಗಿನಿಂದ, "ಏನೇ ಅದು, ತಟ್ಟೆ ಒಡೆದ್ಯಾ" ಎಂದು ಓಡಿಬಂದಳು. ಆದರೂ ನಾನು ನಿಮ್ಮನ್ನು ಅನುಮಾನಿಸಲಿಲ್ಲ, ನನ್ನ ಕಿವಿಯನ್ನು ಅನುಮಾನಿಸಿದೆ. ನೀವು ಸಹಿ ಹಾಕಿದ ದನಿ ನನಗೆ ಚುಚ್ಚುತ್ತಿದ್ದರೆ ನನಗಿನ್ನೂ ಕೇಳಲು ಬರುವುದಿಲ್ಲ ಎಂದೇ ಅರ್ಥ. ದಿನಾ ಸಂಜೆ ಹಾಕಿಕೊಂಡು ಕೂತು ರೂಢಿ ಮಾಡಿಕೊಳ್ಳಲು ನೋಡಿದೆ, ಕಹಿ ಔಷಧ ಕುಡಿಯುವ ಹಾಗೆ. ತಲೆನೋವು ಬರುತ್ತಿತ್ತು, ಆಗಲೂ ಬೈದುಕೊಂಡದ್ದು ನನ್ನನ್ನೇ.

ನಿಮ್ಮ ಕೊನೆಯ ಕಾಗದ ಬಂದ ಮೇಲೆ ಮಾತ್ರ ಪೆಟ್ಟಿಗೆಗಳನ್ನು ಲ್ಯಾಬಿಗೆ ಒಯ್ದೆ. ಏನೂ ಹೇಳದೆ ಹಾಕಿದೆ. ನಾಲ್ಕು ಜನರಲ್ಲಿ ಮೂವರು ಕಡಿಮೆ ಮಾಡು ಎಂದರು, ಒಬ್ಬಳು ಎದ್ದೇ ಹೋದಳು. ಪರಿಚಯದವರ ಹತ್ತಿರ, ದನಿಯ ಏರಿಳಿತವನ್ನು ಗೆರೆಯಾಗಿ ತೋರಿಸುವ ಅಳತೆಯ ಮೈಕ್ ತಂದು ನೋಡಿದೆ. ಜನವರಿಯಲ್ಲಿ ನೀವು ಬರೆದುಕೊಟ್ಟ ಆರು ಓಮ್ ಇದ್ದಾಗ ಗೆರೆ ಮೇಜಿನ ಹಾಗೆ ಸಮ. ನೀವು ಹಾಕಿದ ತಂತಿಯಲ್ಲಿ ಗೆರೆಯ ಮೇಲ್ತುದಿ ಮೆಟ್ಟಿಲು ಹತ್ತಿದೆ.

ಆಮೇಲೆ ನಿಮ್ಮ ಕಾಗದಗಳನ್ನೆಲ್ಲ ಸಾಲಾಗಿ ಇಟ್ಟು ಓದಿದೆ. ಫೋನಿನ ಲೈನು. ಕೂಗದ ಕುಕ್ಕರು. ಮರದಲ್ಲಿ ಇಲ್ಲದ ಹಕ್ಕಿಗಳು. ಮಂಕಾದ ಸೆಟ್ಟುಗಳು. ಮಾವ, ಇವೆಲ್ಲ ಒಂದೇ ಸುದ್ದಿ. ನಿಮಗೆ ಮೇಲಿನ ಚೂಪು ದನಿ ಕೇಳಿಸುತ್ತಿಲ್ಲ.

ನನ್ನ ಮಾತನ್ನು ನಂಬಬೇಡಿ. ಪೆಟ್ಟಿಗೆಗಳನ್ನು ಮತ್ತೆ ಕಳಿಸುತ್ತಿದ್ದೇನೆ. ಎಡದ ಪೆಟ್ಟಿಗೆಯಲ್ಲಿ ನಿಮ್ಮ ತಂತಿ ಹಾಗೇ ಇದೆ. ಬಲದ್ದರಲ್ಲಿ ನಿಮ್ಮದೇ ಲೆಕ್ಕದ ರೆಸಿಸ್ಟರ್ ವಾಪಸ್ ಹಾಕಿದ್ದೇನೆ. ಒಂದಾದ ಮೇಲೊಂದು ಹಾಕಿ ಕೇಳಿ. ನಿಮಗೆ ಎರಡೂ ಬೇರೆ ಬೇರೆ ಕೇಳಿಸಿದರೆ ನಾನು ತಪ್ಪು, ಕಾಲಿಗೆ ಬಿದ್ದು ಕ್ಷಮೆ ಕೇಳುತ್ತೇನೆ. ಒಂದೇ ಥರ ಕೇಳಿಸಿದರೆ, ಕಾಯಿಲ್ ಸುತ್ತುವ ಆ ಹೆಂಗಸನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರನ್ನು ಕೇಳಿ. ಜೂನ್ ಮುಗಿಯುವುದರೊಳಗೆ ಕೇಳಿ.

ಗುಬ್ಬಿ

ಜೂನ್ ೨

ಪಾರ್ಸೆಲ್ ತಲುಪಿದೆ. ಪತ್ರವನ್ನೂ ಓದಿದೆ.

ಜೂನ್ ೨೪

ಮಾವ,

ನಿಮ್ಮ ಕಾಗದದಲ್ಲಿ ನನ್ನ ಹೆಸರಿರಲಿಲ್ಲ, ನಿಮ್ಮ ಹೆಸರೂ ಇರಲಿಲ್ಲ. ಅಮ್ಮನಿಗೆ ಎಲ್ಲ ಹೇಳಿದೆ. "ಹೇಳಬೇಕಾದ್ದೇ ಹೇಳಿದ್ದೀಯ, ಆದ್ರೆ ಅವನು ನನ್ನ ತಮ್ಮ ಕಣೇ" ಎಂದಳು. ಕಪಾಟು ಖಾಲಿ ಇದೆ. ಪೆಟ್ಟಿಗೆ ವಾಪಸ್ ಬೇಡ, ಒಂದು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ಗುಬ್ಬಿ

ಜುಲೈ ೯

ನನ್ನ ಗುಬ್ಬಿಗೆ,

ಬೈಯುವುದಕ್ಕೇ ಕೂತಿದ್ದೆ. ನಿನ್ನ ಪೆಟ್ಟಿಗೆಗಳನ್ನು ಎರಡು ವಾರ ಮಂಚದ ಕೆಳಗೆ ಬಿಚ್ಚದೆ ಇಟ್ಟೆ. ಲೋಟ ತಟ್ಟಿ ನಾನು ಕಲಿಸಿದ ಹುಡುಗಿ ನನಗೇ ಕಿವಿಯ ಪಾಠ ಹೇಳುತ್ತಾಳಲ್ಲ ಎಂದು ಮೈ ಉರಿಯುತ್ತಿತ್ತು. ನೀನು ತಪ್ಪು ಎಂದು ತೋರಿಸುವುದಕ್ಕಾಗಿಯೇ ಒಂದು ಭಾನುವಾರ ಬಿಚ್ಚಿದೆ.

ಎಡದ್ದನ್ನು ಕೇಳಿದೆ, ಬಲದ್ದನ್ನು ಕೇಳಿದೆ. ಒಂದೇ ಥರ. ಬೀಗದ ಕೈ ಎರಡರಲ್ಲೂ ಬೀಳಲಿಲ್ಲ. ಮಾರ್ಚಿನಲ್ಲಿ ದೂರದಲ್ಲಿ ಬಿದ್ದದ್ದನ್ನು ನಾನು ಕೇಳಿದೆನೋ, ಕೇಳಿದೆ ಎಂದುಕೊಂಡೆನೋ ಈಗ ತಿಳಿಯದು. ಗುಬ್ಬಿ ರೆಸಿಸ್ಟರ್ ಹಾಕಲು ಮರೆತಿದ್ದಾಳೆ ಎಂದುಕೊಂಡು ಸ್ಕ್ರೂ ತೆಗೆದು ಒಳಗೆ ನೋಡಿದೆ. ಎಡದಲ್ಲಿ ನನ್ನ ತಂತಿ. ಬಲದಲ್ಲಿ ರೆಸಿಸ್ಟರ್ ಕೂತಿದೆ, ನೀಟಾಗಿ ಬೆಸೆದು, ಪಕ್ಕದಲ್ಲಿ ಪೆನ್ಸಿಲಿನಿಂದ "ಮಾವನ ಲೆಕ್ಕ" ಎಂದು ಬರೆದು. ಸ್ಕ್ರೂ ವಾಪಸ್ ಬಿಗಿದು ಎರಡನ್ನೂ ಮತ್ತೆ ಕಂಬಳಿಯಲ್ಲಿ ಸುತ್ತಿದೆ.

ಮರುದಿನ ಎರಡನ್ನೂ ಕಾರ್ಖಾನೆಗೆ ಒಯ್ದೆ. ಊಟದ ಹೊತ್ತಿನಲ್ಲಿ ಕಾಯಿಲ್ ಸುತ್ತುವಾಕೆಯನ್ನು ಕರೆದೆ. ಕೆಲಸದಿಂದ ತೆಗೆಯುತ್ತಾರೆ ಎಂದೇ ತಿಳಿದು ಆಕೆ ಕೈ ಒರೆಸಿಕೊಂಡು ಬಂದು ನಿಂತಳು. ಕೂರಮ್ಮ ಎಂದೆ, ಕೂರಲಿಲ್ಲ. ಪೆಟ್ಟಿಗೆಗಳ ಮೇಲೆ ಬಟ್ಟೆ ಹಾಕಿ, ಸ್ಥಳ ಅದಲುಬದಲು ಮಾಡಿ ಹತ್ತು ಸಲ ಕೇಳಿಸಿದೆ. ಹತ್ತಕ್ಕೆ ಹತ್ತು ಸಲವೂ ತಂತಿಯ ಪೆಟ್ಟಿಗೆಯನ್ನೇ ತೋರಿಸಿದಳು. ಕೊನೆಗೆ ಹೇಳಿದಳು: "ಈ ಕಡೇದು ಚುಚ್ಚುತ್ತೆ ಸಾರ್. ನೀವು ಪಾಸ್ ಮಾಡೋ ಸೆಟ್ಟೆಲ್ಲ ಈಚೆಗೆ ಹೀಗೇ ಇರುತ್ತೆ."

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ನಿಮ್ಮ ಕಿವಿಗಿಂತ ನನ್ನ ಕಿವಿ ಹೆಚ್ಚಾ ಸಾರ್. ನನಗೇ ಏನೋ ಆಗಿದೆ ಅಂದ್ಕೊಂಡೆ."

ನೀನು ಬರೆದ ಮಾತೇ, ಗುಬ್ಬಿ. ಒಬ್ಬರನ್ನೊಬ್ಬರು ನೋಡದ ನೀವಿಬ್ಬರೂ ನನ್ನ ಮೇಲಿನ ಮರ್ಯಾದೆಗೆ ನಿಮ್ಮ ಕಿವಿಯನ್ನೇ ಸುಳ್ಳು ಎಂದುಕೊಂಡಿರಿ. ಆ ಮರ್ಯಾದೆಯನ್ನು ಇಟ್ಟುಕೊಂಡು ನಾನು ಒಬ್ಬಳ ಅನ್ನ ಕೀಳಲು ಹೊರಟಿದ್ದೆ. ನಾನು ಆಕೆಗೆ ಕೈಮುಗಿದು ತಪ್ಪಾಯಿತು ಎಂದೆ. ಆಗ ಕೂತಳು.

ಕಿವಿಯ ಡಾಕ್ಟರ ಹತ್ತಿರ ಹೋಗಿ ಬಂದೆ. ಅವರು ಕೊಟ್ಟ ಚೀಟಿಯಲ್ಲಿ ಗೆರೆ ಅರ್ಧದವರೆಗೆ ನೆಟ್ಟಗೆ ಬಂದು ಆಮೇಲೆ ಬಾವಿಗೆ ಬಿದ್ದಿದೆ. ಇನ್ನು ಅದು ಮೇಲೇಳುವುದಿಲ್ಲವಂತೆ. ಆ ಚೀಟಿಯನ್ನು ಯಜಮಾನರ ಮೇಜಿನ ಮೇಲಿಟ್ಟು, ಎಲ್ಲರ ಎದುರಿಗೂ ತಪ್ಪು ನನ್ನದು ಎಂದು ಹೇಳಿದೆ. ವಾಪಸ್ ಬಂದ ಹದಿನಾರು ಜೊತೆಯ ಕಾಯಿಲುಗಳನ್ನೂ ಬಿಚ್ಚಿ ಎಣಿಸಿದೆ, ಒಂದು ಸುತ್ತೂ ಹೆಚ್ಚುಕಡಿಮೆ ಇರಲಿಲ್ಲ. ಈಗ ಕೊನೆಯ ಕುರ್ಚಿಯಲ್ಲಿ ಆಕೆ ಕೂರುತ್ತಾಳೆ. ಮೊದಲ ದಿನ ಸಹಿ ಹಾಕಲು ಕೈ ಬರದೆ ನನ್ನ ಕಡೆ ನೋಡಿದಳು. ನನ್ನ ಮುಖ ನೋಡಬೇಡ, ಪೆಟ್ಟಿಗೆ ಕೇಳು ಎಂದೆ. ನನ್ನನ್ನು ಹೊಸ ಪೆಟ್ಟಿಗೆಗಳ ಲೆಕ್ಕ ಹಾಕುವ ಮೇಜಿಗೆ ಹಾಕಿದ್ದಾರೆ. ಯಜಮಾನ ಎಂದು ಮೆರೆದವನು ಗುಮಾಸ್ತನಾದ ಎಂದು ಅಕ್ಕನಿಗೆ ಹೇಳು, ಅವಳು ಇಷ್ಟು ದಿನ ಕಾದದ್ದಕ್ಕೆ ಫಲ ಸಿಕ್ಕಿತು.

ಒಂದು ಮಾತು ಉಳಿದಿದೆ. ನಿಮ್ಮ ಫೋನ್ ಲೈನ್ ಯಾವತ್ತೂ ಕೆಟ್ಟಿರಲಿಲ್ಲ. ಎರಡು ವರ್ಷದಿಂದ ನಿನ್ನ ದನಿ ನನಗೆ ಬಿಡಿಬಿಡಿಯಾಗಿ ಬರುತ್ತಿತ್ತು, ಮಾತು ಕೂಡುತ್ತಿರಲಿಲ್ಲ. ಅದನ್ನು ಹೇಳಲು ನಾಚಿಕೆಯಾಯಿತು, ಅದಕ್ಕೇ ಫೋನ್ ಇಡುತ್ತಿದ್ದೆ. ನನಗೆ ಒಳಗೆಲ್ಲೋ ಗೊತ್ತಿತ್ತು. ಗೊತ್ತಿಲ್ಲದ ಹಾಗೆ ಇರುವುದು ನನಗೆ ಚೆನ್ನಾಗಿ ಅಭ್ಯಾಸವಾಗಿತ್ತು.

ಮಾವ

ಜುಲೈ ೨೦

ಪ್ರೀತಿಯ ಮಾವ,

ನಿಮ್ಮ ಕಾಗದವನ್ನು ಅಮ್ಮ ನನ್ನ ಕೈಯಿಂದ ಕಿತ್ತುಕೊಂಡು ಓದಿದಳು. ಗುಮಾಸ್ತನ ಮಾತಿಗೆ ನಗುತ್ತಾಳೆ ಎಂದುಕೊಂಡೆ, ನಗಲಿಲ್ಲ. ಕಾಗದ ಮಡಿಸಿ, "ಇವನಿಗೆ ಚಿಕ್ಕಂದಿನಿಂದ ಹಟ ಜಾಸ್ತಿ, ಆದ್ರೆ ತಪ್ಪು ಮಾಡಿದ್ರೆ ತಾನೇ ಬಂದು ಹೇಳ್ತಿದ್ದ" ಎಂದು ಹೇಳಿ ತನ್ನ ಬೀರುವಿನಲ್ಲಿ ಇಟ್ಟುಕೊಂಡಳು.

ನನಗೆ ಏನು ಅನ್ನಿಸಿತು ಎಂದು ನೇರವಾಗಿ ಹೇಳುತ್ತೇನೆ. ಚಿಕ್ಕಂದಿನಿಂದ ನಿಮ್ಮ ಕಿವಿ ಕಂಡು ಬೆರಗಾಗಿದ್ದೆ. ಎಲ್ಲರ ಎದುರು ಎದ್ದು ನಿಂತ ನಿಮ್ಮನ್ನು ನೆನೆದರೆ ಆ ಬೆರಗು ಚಿಕ್ಕದು ಅನ್ನಿಸುತ್ತದೆ.

ನೀವು ಬರಬೇಕು, ಪೆಟ್ಟಿಗೆಗಳನ್ನು ಹಿಡಿದುಕೊಂಡೇ ಬರಬೇಕು. ಹಿಂದೆ ಒಂದೊಂದು ಸಣ್ಣ ಸ್ವಿಚ್ ಹಾಕೋಣ. ಮೇಲೆ ಮಾಡಿದರೆ ರೆಸಿಸ್ಟರ್, ನಮ್ಮ ಕಿವಿಗೆ. ಕೆಳಗೆ ಮಾಡಿದರೆ ತಂತಿ, ನಿಮ್ಮ ಕಿವಿಗೆ. ನೀವಿರುವಷ್ಟು ದಿನ ಕೆಳಗೇ ಇರಲಿ ಎಂದು ಅಮ್ಮ ಈಗಲೇ ಅಪ್ಪಣೆ ಮಾಡಿದ್ದಾಳೆ. ಕಿವಿಗೆ ಹತ್ತಿಯನ್ನೂ ತೆಗೆದಿಟ್ಟುಕೊಂಡಿದ್ದಾಳೆ, ಅದನ್ನು ನಿಮಗೆ ಹೇಳಬಾರದಂತೆ.

ಗುಬ್ಬಿ

ಆಗಸ್ಟ್ ೧೮

ಗುಬ್ಬಿ,

ನಿಮ್ಮಲ್ಲಿಂದ ಹೊರಟು ನೆಟ್ಟಗೆ ಮನೆ ಸೇರಿದೆ. ನೀನು ಬಸ್ಸಿನ ಕಿಟಕಿಯ ಹತ್ತಿರ ಹೇಳಿದ್ದು ಪೂರ್ತಿ ಕೇಳಿಸಲಿಲ್ಲ, ತಲೆ ಮಾತ್ರ ಆಡಿಸಿದೆ. ಕಾಗದದಲ್ಲಿ ಇನ್ನೊಮ್ಮೆ ಬರೆ. ಕಿವಿಯ ಯಂತ್ರಕ್ಕೆ ಅಳತೆ ಕೊಟ್ಟಿದ್ದೇನೆ. ಅದು ಹಕ್ಕಿಗಳನ್ನು ಎಷ್ಟು ವಾಪಸ್ ತರುತ್ತದೋ ನೋಡೋಣ.

ನೀನು ಕೆಲಸಕ್ಕೆ ಹೋಗಿದ್ದಾಗ ನಡೆದದ್ದೊಂದನ್ನು ಹೇಳಿರಲಿಲ್ಲ. ಕೊನೆಯ ದಿನ ಮಧ್ಯಾಹ್ನ ಅಕ್ಕ ಕೊಳಲಿನ ಟೇಪು ಹಾಕಿದಳು. ಸ್ವಿಚ್ ಕೆಳಗಿತ್ತು, ನನ್ನ ಕಡೆ. ನನಗೆ ಕೊಳಲು ಚೆನ್ನಾಗಿತ್ತು. ಪಕ್ಕಕ್ಕೆ ತಿರುಗಿದರೆ ಅಕ್ಕ ಕುರ್ಚಿಯ ತೋಳನ್ನು ಗಟ್ಟಿಯಾಗಿ ಹಿಡಿದು ಕೂತಿದ್ದಾಳೆ, ಕತ್ತಿನ ನರ ಬಿಗಿದಿದೆ. ಹತ್ತಿ ಹಾಕಿಕೊಂಡಿರಲಿಲ್ಲ. ನನ್ನ ಕಡೆ ನೋಡಿ ಚೆನ್ನಾಗಿದೆ ಎಂಬಂತೆ ತಲೆ ತೂಗಿದಳು. ಆ ಮುಖವನ್ನು ನೋಡಿದಾಗ ನನ್ನ ಹದಿನಾರು ಗಿರಾಕಿಗಳೂ ಕಣ್ಣಿಗೆ ಬಂದರು.

ನಾನು ಎದ್ದು ಎರಡೂ ಸ್ವಿಚ್ಚುಗಳನ್ನು ಮೇಲಕ್ಕೆ ಮಾಡಿ, ಟೇಪನ್ನು ಮೊದಲಿಗೆ ತಿರುಗಿಸಿದೆ. ಅಕ್ಕ ಬೇಡ ಬೇಡ ಎಂದಳು. ನಾನು ಕೇಳಿಸದವನ ಹಾಗೆ ಇದ್ದೆ, ಈಗ ಅದಕ್ಕೊಂದು ನೆಪವೂ ಇದೆ. ಆಮೇಲೆ ಪೆಟ್ಟಿಗೆಗಳಿಗೆ ಬೆನ್ನು ಮಾಡಿ, ಅವಳ ಎದುರಿಗೆ ಕುರ್ಚಿ ಎಳೆದುಕೊಂಡು ಕೂತೆ. ಅವಳ ಭುಜ ಇಳಿಯಿತು. ಕೈ ಸಡಿಲವಾಯಿತು. ಕಣ್ಣು ಅರ್ಧ ಮುಚ್ಚಿತು. ಗುಬ್ಬಿ, ನೀನು ಮಾಡಿದ ಪೆಟ್ಟಿಗೆ ಎಷ್ಟು ಚೆನ್ನಾಗಿದೆ ಎಂದು ನನಗೆ ಆವತ್ತು ತಿಳಿಯಿತು. ಕೊಳಲು ನನಗೆ ಮಂಕಾಗಿಯೇ ಇತ್ತು, ಆದರೆ ಅವಳ ಮುಖ ನೋಡುತ್ತ ನಾನು ಒಂದು ಸ್ವರವನ್ನೂ ಕಳೆದುಕೊಳ್ಳಲಿಲ್ಲ.

ಮೂರನೇ ನಿಮಿಷದಲ್ಲಿ ಅಕ್ಕ ನಾಲಿಗೆ ಕಚ್ಚಿಕೊಂಡಳು.

ಬೀಗದ ಕೈ ಬಿತ್ತು.

ಮಾವ